ಪಾರ್ಸೆಲ್ ಜೊತೆ ಬರುವ ಎರಡನೇ ಬಿಲ್

2025ರ ಆಗಸ್ಟ್ 25, ಸೋಮವಾರ. ಮರುದಿನ ಗೌರಿ ಹಬ್ಬ, ಅದರ ಮಾರನೆಯ ದಿನ ಗಣೇಶ ಚೌತಿ. ಆ ಸೋಮವಾರದಿಂದ ದೇಶದ ಅಂಚೆ ಕಚೇರಿಗಳಲ್ಲಿ ಅಮೆರಿಕಕ್ಕೆ ಹೋಗುವ ಬಹುತೇಕ ಪಾರ್ಸೆಲ್‌ಗಳ ಬುಕಿಂಗ್ ನಿಂತಿತು. ಪತ್ರ, ದಾಖಲೆ ಮತ್ತು 100 ಡಾಲರ್ ಒಳಗಿನ ಉಡುಗೊರೆಗಳಿಗೆ ಮಾತ್ರ ಅವಕಾಶ ಉಳಿದಿತ್ತು. ತಿಂಗಳು ಮುಗಿಯುವಷ್ಟರಲ್ಲಿ ಅದೂ ಬಂದ್ ಆಯಿತು. ಚೌತಿಯ ದಿನವೇ ಭಾರತದ ಸರಕುಗಳ ಮೇಲೆ ಅಮೆರಿಕ ವಿಧಿಸಿದ ಶೇ 50ರ ಸುಂಕ ಜಾರಿಗೆ ಬಂತು. ಅದಾದ ಎರಡು ದಿನಕ್ಕೆ, ಆಗಸ್ಟ್ 29ರಂದು, 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಅಮೆರಿಕದಲ್ಲಿದ್ದ ಸುಂಕ ವಿನಾಯಿತಿ ಎಲ್ಲ ದೇಶಗಳಿಗೂ ರದ್ದಾಯಿತು.

ಡಲ್ಲಾಸ್‌ನಲ್ಲಿರುವ ಮಗಳಿಗೆ ಇಳಕಲ್ ಸೀರೆ ಕಳಿಸುವ ತಾಯಿಗೂ, ಚನ್ನಪಟ್ಟಣದ ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ವಿದೇಶದ ಗಿರಾಕಿಗೆ ಮಾರುವ ಸಣ್ಣ ವ್ಯಾಪಾರಿಗೂ ಆ ವಾರ ಅಂಚೆ ಕಚೇರಿಯ ಕೌಂಟರಿನಲ್ಲಿ ಸಿಕ್ಕಿದ್ದು ಒಂದೇ ಉತ್ತರ. ಸುಂಕ ಎಷ್ಟು ಎಂಬುದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ಅದನ್ನು ಯಾರು ವಸೂಲು ಮಾಡಬೇಕು, ಯಾವ ಖಾತೆಗೆ ಹೇಗೆ ಕಟ್ಟಬೇಕು ಎಂಬುದೇ ತೀರ್ಮಾನವಾಗಿರಲಿಲ್ಲ. ಹಾಗಾಗಿ ವಿಮಾನಯಾನ ಸಂಸ್ಥೆಗಳು ಅಂಚೆ ಚೀಲಗಳನ್ನು ಹೊರಲು ಹಿಂದೇಟು ಹಾಕಿದವು. ಭಾರತದ್ದಷ್ಟೇ ಕಥೆಯಲ್ಲ ಇದು. ಜಗತ್ತಿನ 88 ಅಂಚೆ ಸಂಸ್ಥೆಗಳು ಅಮೆರಿಕದ ಸೇವೆಯನ್ನು ಪೂರ್ತಿಯಾಗಿಯೋ ಭಾಗಶಃವೋ ನಿಲ್ಲಿಸಿದವು ಎಂದು ವಿಶ್ವ ಅಂಚೆ ಒಕ್ಕೂಟ ತಿಳಿಸಿತು. ಒಂದೇ ವಾರದಲ್ಲಿ ಅಮೆರಿಕಕ್ಕೆ ಹೋಗುವ ಅಂಚೆ ಶೇ 81ರಷ್ಟು ಕುಸಿದಿತ್ತು.

ಭಾರತೀಯ ಅಂಚೆ ಇಲಾಖೆ ಸೇವೆಯನ್ನು ಮತ್ತೆ ಆರಂಭಿಸಿದ್ದು ಅಕ್ಟೋಬರ್ 15ರಂದು, ದೀಪಾವಳಿಗೆ ವಾರವೂ ಉಳಿದಿರದಿದ್ದಾಗ. ಈ ಬಾರಿ ಒಂದು ಹೊಸ ಕ್ರಮವಿತ್ತು. ವಸ್ತುವಿನ ಘೋಷಿತ ಬೆಲೆಯ ಮೇಲೆ ಶೇ 50ರ ಸುಂಕವನ್ನು ಕಳಿಸುವವರೇ ಇಲ್ಲಿನ ಕೌಂಟರಿನಲ್ಲಿ ಮುಂಗಡವಾಗಿ ಕಟ್ಟಬೇಕಿತ್ತು. ಅಂಚೆ ದರ ಮಾತ್ರ ಏರಲಿಲ್ಲ. 2,000 ರೂಪಾಯಿಯ ಗೊಂಬೆಗೆ 1,000 ರೂಪಾಯಿ ಸುಂಕ ಎಂದು ಬುಕಿಂಗ್ ಹೊತ್ತಿಗೇ ಗೊತ್ತಾಗುತ್ತಿತ್ತು. ಮೊತ್ತ ದೊಡ್ಡದು, ನೋವಿನದು. ಆದರೂ ಅದು ಮೊದಲೇ ಗೊತ್ತಿರುವ ಮೊತ್ತ. ಗಡಿಯಾಚೆಯ ಆನ್‌ಲೈನ್ ಖರೀದಿಯಲ್ಲಿ ಇಂದು ಗ್ರಾಹಕರಿಗೆ ಸಿಗದೇ ಇರುವುದು ಮುಖ್ಯವಾಗಿ ಇದೇ: ಹಣ ಕೊಡುವ ಮೊದಲೇ ಪೂರ್ತಿ ಲೆಕ್ಕ.

ಅಗ್ಗದ ಸಾಗಣೆಯ ಹಿಂದಿದ್ದ ಒಪ್ಪಂದ

ಹತ್ತು ವರ್ಷಗಳ ಹಿಂದೆ ಚೀನಾದ ಜಾಲತಾಣಗಳಲ್ಲಿ ಒಂದೆರಡು ಡಾಲರಿನ ವಸ್ತು ಕೊಂಡರೂ ಸಾಗಣೆ ಉಚಿತ ಎಂದಿರುತ್ತಿತ್ತು. ಶೆನ್‌ಜೆನ್‌ನಿಂದ ಚಿಕಾಗೋವರೆಗೆ ವಿಮಾನದಲ್ಲಿ ಬಂದು, ಅಲ್ಲಿಂದ ಮನೆ ಬಾಗಿಲಿಗೆ ತಲುಪುವ ಪೊಟ್ಟಣಕ್ಕೆ ಯಾರಾದರೂ ದುಡ್ಡು ಕೊಡಲೇಬೇಕಲ್ಲ? ಅದರಲ್ಲಿ ಒಂದು ಪಾಲನ್ನು ಕೊಡುತ್ತಿದ್ದದ್ದು ಅಮೆರಿಕದ ಅಂಚೆ ಇಲಾಖೆ. ಅದಕ್ಕೆ ಕಾರಣ 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹುಟ್ಟಿದ ವಿಶ್ವ ಅಂಚೆ ಒಕ್ಕೂಟದ ವ್ಯವಸ್ಥೆ. ಭಾರತ ಈ ಒಕ್ಕೂಟ ಸೇರಿದ್ದು 1876ರಲ್ಲಿ.

ಮೊದಲಿದ್ದ ನಿಯಮ ಬಹಳ ಸರಳ. ಪತ್ರ ಹೊರಟ ದೇಶವೇ ಅಂಚೆಚೀಟಿಯ ಹಣವನ್ನು ಪೂರ್ತಿ ಇಟ್ಟುಕೊಳ್ಳುತ್ತಿತ್ತು. ಹೋದ ಪ್ರತಿ ಪತ್ರಕ್ಕೂ ಒಂದು ಉತ್ತರ ಬರುತ್ತದೆ, ಲೆಕ್ಕ ಸರಿಹೋಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಬರುವುದೇ ಹೆಚ್ಚು, ಹೋಗುವುದು ಕಡಿಮೆ ಎಂಬ ಸ್ಥಿತಿಯಲ್ಲಿದ್ದ ದೇಶಗಳಿಗೆ ಇದು ಹೊರೆಯಾಯಿತು. 1969ರ ಟೋಕಿಯೊ ಅಧಿವೇಶನದಲ್ಲಿ ಕಳಿಸುವ ದೇಶವು ತಲುಪಿಸುವ ದೇಶಕ್ಕೆ ಬಟವಾಡೆ ವೆಚ್ಚ ಕೊಡಬೇಕೆಂದು ತೀರ್ಮಾನವಾಯಿತು. ಇದನ್ನು ಅಂಚೆ ವಲಯದಲ್ಲಿ ಟರ್ಮಿನಲ್ ಡ್ಯೂಸ್ ಎನ್ನುತ್ತಾರೆ. ಅಭಿವೃದ್ಧಿಶೀಲ ದೇಶಗಳಿಗೆ ಈ ದರ ಕಡಿಮೆ. ಬಡ ದೇಶದ ಜನ ಪತ್ರ ಬರೆಯಲು ಹಿಂಜರಿಯದಿರಲಿ ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿತ್ತು.

ಪತ್ರಗಳ ಕಾಲಕ್ಕೆ ಮಾಡಿದ ಈ ದರ, ಆನ್‌ಲೈನ್ ವ್ಯಾಪಾರದ ಕಾಲದಲ್ಲೂ ಮುಂದುವರಿಯಿತು. ಜಗತ್ತಿನ ಕಾರ್ಖಾನೆಯಾಗಿ ಬೆಳೆದಿದ್ದ ಚೀನಾ ರಿಯಾಯಿತಿಯ ಗುಂಪಿನಲ್ಲೇ ಉಳಿದಿತ್ತು. ಎರಡು ಕಿಲೋವರೆಗಿನ ಸಣ್ಣ ಪೊಟ್ಟಣಗಳು ಪತ್ರದ ಹಾದಿಯಲ್ಲೇ, ಪತ್ರದ ದರದ ಲೆಕ್ಕದಲ್ಲೇ ಹೋದವು. ಅಮೆರಿಕದಲ್ಲಿ ಬಿಸಿ ಪಾನೀಯದ ಲೋಟ ಮಾರುವ ಒಬ್ಬ ವ್ಯಾಪಾರಿಯ ಅನುಭವ ಆಗ ಸುದ್ದಿಯಾಗಿತ್ತು. ಅವರ ಲೋಟದ ನಕಲು ಚೀನಾದಿಂದ ಸಾಗಣೆಯೂ ಸೇರಿ ಸಿಗುತ್ತಿದ್ದ ಬೆಲೆಗೆ, ಅವರು ತಮ್ಮ ಲೋಟವನ್ನು ಎದುರು ಬೀದಿಗೆ ಅಂಚೆಯಲ್ಲಿ ಕಳಿಸಲೂ ಆಗುತ್ತಿರಲಿಲ್ಲ.

2018ರ ಅಕ್ಟೋಬರ್‌ನಲ್ಲಿ ಅಮೆರಿಕ, ಒಕ್ಕೂಟದಿಂದಲೇ ಹೊರಬರುತ್ತೇನೆಂದು ನೋಟಿಸ್ ಕೊಟ್ಟಿತು. ಮುಂದಿನ ವರ್ಷದ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ವಿಶೇಷ ಅಧಿವೇಶನ ಸೇರಿತು. ಒಕ್ಕೂಟದ ಅಷ್ಟು ದೀರ್ಘ ಇತಿಹಾಸದಲ್ಲಿ ಇಂಥ ಅಧಿವೇಶನ ಅದು ಮೂರನೆಯದು. ಹೆಚ್ಚು ಪೊಟ್ಟಣ ಬರುವ ದೇಶಗಳು ತಮ್ಮ ಬಟವಾಡೆ ದರವನ್ನು ತಾವೇ ಘೋಷಿಸಿಕೊಳ್ಳಬಹುದು ಎಂದು ಅಲ್ಲಿ ಒಪ್ಪಂದವಾಯಿತು. 2020ರ ಜುಲೈ 1ರಿಂದ ಅಮೆರಿಕ ಅದನ್ನು ಜಾರಿಗೆ ತಂದಿತು. ಅಂಚೆ ದರದ ರಿಯಾಯಿತಿಯ ಮೇಲೆ ನಿಂತಿದ್ದ ಅಗ್ಗದ ಸಾಗಣೆಯ ಒಂದು ಕಾಲು ಅಲ್ಲಿಗೆ ಮುರಿಯಿತು.

ಸುಂಕವಿಲ್ಲದ ಮಿತಿ ಕರಗಿದ್ದು ಹೀಗೆ

ಇನ್ನೊಂದು ಕಾಲು ಸುಂಕ ವಿನಾಯಿತಿಯದು. ಅಮೆರಿಕದಲ್ಲಿ ಇದರ ಬೇರು 1938ರಷ್ಟು ಹಳೆಯದು. ಸಣ್ಣ ವಸ್ತುವಿನ ಮೇಲೆ ಸುಂಕ ಹಾಕಲು ಸಿಬ್ಬಂದಿಗೆ ಕೊಡುವ ಸಂಬಳವೇ ಸುಂಕಕ್ಕಿಂತ ಹೆಚ್ಚಾದರೆ, ಆ ಸುಂಕವನ್ನು ಬಿಟ್ಟುಬಿಡುವುದೇ ಲೇಸು ಎಂಬುದು ತರ್ಕ. ಕೆಲವೇ ಡಾಲರ್‌ಗಳಿಂದ ಶುರುವಾದ ಮಿತಿ 1993ರಲ್ಲಿ 200 ಡಾಲರ್ ಆಯಿತು, 2016ರಲ್ಲಿ ಒಮ್ಮೆಲೇ 800 ಡಾಲರಿಗೆ ಏರಿತು. ಆ ಏರಿಕೆಯ ಹೊತ್ತಿಗೆ ಶೀಇನ್, ಟೆಮುವಿನಂಥ ಕಂಪನಿಗಳು ಕಾರ್ಖಾನೆಯಿಂದ ಗ್ರಾಹಕರ ಮನೆಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ನೇರ ಪೊಟ್ಟಣ ಕಳಿಸುವ ದಿನಗಳು ಯಾರ ಕಲ್ಪನೆಯಲ್ಲೂ ಇರಲಿಲ್ಲ. 2015ರ ಆರ್ಥಿಕ ವರ್ಷದಲ್ಲಿ ಈ ವಿನಾಯಿತಿಯಡಿ ಅಮೆರಿಕಕ್ಕೆ ಬಂದ ಪಾರ್ಸೆಲ್‌ಗಳು ಸುಮಾರು 13.9 ಕೋಟಿ, 2024ರಲ್ಲಿ 136 ಕೋಟಿ.

ಟ್ರಂಪ್ ಸರ್ಕಾರ 2025ರ ಮೇ 2ರಂದು ಚೀನಾ ಮತ್ತು ಹಾಂಗ್‌ಕಾಂಗಿಗೆ ಈ ಬಾಗಿಲು ಮುಚ್ಚಿತು. ಆಗಸ್ಟ್ 29ಕ್ಕೆ ಉಳಿದವರಿಗೂ ಮುಚ್ಚಿತು. ಅಂಚೆಯಲ್ಲಿ ಬರುವ ಪಾರ್ಸೆಲ್‌ಗಳಿಗೆ ಆರು ತಿಂಗಳ ಮಟ್ಟಿಗೆ ಎರಡು ದಾರಿಗಳನ್ನು ಕೊಟ್ಟಿತ್ತು. ಒಂದು, ಬೆಲೆಯ ಮೇಲೆ ಆಯಾ ದೇಶದ ಶೇಕಡಾವಾರು ಸುಂಕ. ಇನ್ನೊಂದು, ಬೆಲೆ ಎಷ್ಟೇ ಇರಲಿ, ಒಂದೊಂದು ಪೊಟ್ಟಣಕ್ಕೆ 80, 160 ಅಥವಾ 200 ಡಾಲರ್ ಸ್ಥಿರ ಮೊತ್ತ. ಭಾರತದಂತೆ ಹೆಚ್ಚು ಸುಂಕದ ಪಟ್ಟಿಯಲ್ಲಿದ್ದ ದೇಶವು ಎರಡನೇ ದಾರಿ ಹಿಡಿದಿದ್ದರೆ 20 ಡಾಲರಿನ ಗೊಂಬೆಗೂ 200 ಡಾಲರ್ ತೆರಬೇಕಿತ್ತು. ಅಂಚೆ ಇಲಾಖೆ ಶೇಕಡಾವಾರು ಲೆಕ್ಕವನ್ನು ಆರಿಸಿಕೊಂಡಿದ್ದು ಸಣ್ಣ ಕುಶಲಕರ್ಮಿಗಳ ಪಾಲಿಗೆ ಬಹಳ ದೊಡ್ಡ ವ್ಯತ್ಯಾಸ ಮಾಡಿತು.

ಆ ಸುಂಕಗಳು ನ್ಯಾಯಾಲಯದ ಮೆಟ್ಟಿಲೇರಿದ್ದವು. ತುರ್ತು ಆರ್ಥಿಕ ಅಧಿಕಾರದ 1977ರ ಕಾಯ್ದೆ ಅಧ್ಯಕ್ಷರಿಗೆ ಸುಂಕ ಹಾಕುವ ಅಧಿಕಾರ ಕೊಡುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2026ರ ಫೆಬ್ರುವರಿ 20ರಂದು ತೀರ್ಪು ನೀಡಿತು. ಆದರೆ 800 ಡಾಲರಿನ ವಿನಾಯಿತಿ ಅದರಿಂದ ಮರಳಲಿಲ್ಲ. 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ಪಾಸು ಮಾಡಿದ ಕಾನೂನಿನ ಪ್ರಕಾರ 2027ರ ಜುಲೈ 1ಕ್ಕೆ ಅದು ಕಾಯ್ದೆಯ ಪುಟದಿಂದಲೇ ಹೊರಹೋಗಲಿದೆ.

ಯುರೋಪ್ ಇದೇ ಹಾದಿಯನ್ನು ಮೊದಲೇ ತುಳಿದಿತ್ತು, ಆದರೆ ಸಿದ್ಧತೆಯೊಂದಿಗೆ. 22 ಯೂರೊ ಒಳಗಿನ ವಸ್ತುಗಳಿಗೆ ಅಲ್ಲಿ ಮೌಲ್ಯವರ್ಧಿತ ತೆರಿಗೆ ಇರಲಿಲ್ಲ. ಸ್ಮಾರ್ಟ್‌ಫೋನಿನ ಪೊಟ್ಟಣದ ಮೇಲೂ 22ಕ್ಕಿಂತ ಕಡಿಮೆ ಬೆಲೆ ಬರೆದು ಕಳಿಸುವ ವಂಚನೆ ಮಾಮೂಲಾಯಿತು. 2021ರ ಜುಲೈ 1ರಂದು ಆ ವಿನಾಯಿತಿ ತೆಗೆದರು. ಅದೇ ದಿನ ಮಾರಾಟಗಾರರಿಗೆ ಒಂದೇ ಕಡೆ ನೋಂದಾಯಿಸಿಕೊಂಡು, 150 ಯೂರೊವರೆಗಿನ ವಸ್ತುಗಳ ತೆರಿಗೆಯನ್ನು ಖರೀದಿಯ ಹೊತ್ತಿಗೇ ವಸೂಲು ಮಾಡಿ ಕಟ್ಟುವ ವ್ಯವಸ್ಥೆಯನ್ನೂ ಕೊಟ್ಟರು. 2024ರಲ್ಲಿ ಯುರೋಪಿಯನ್ ಒಕ್ಕೂಟಕ್ಕೆ ಬಂದ ಕಡಿಮೆ ಬೆಲೆಯ ಪಾರ್ಸೆಲ್‌ಗಳು 460 ಕೋಟಿ, ಅದರಲ್ಲಿ ಶೇ 91 ಚೀನಾದವು. ದಿನಕ್ಕೆ ಒಂದು ಕೋಟಿ ಇಪ್ಪತ್ತು ಲಕ್ಷ. ಹೀಗಾಗಿ ಇಂಥ ವಸ್ತುಗಳಿಗೆ 2026ರ ಜುಲೈ 1ರಿಂದ ತಲಾ 3 ಯೂರೊ ಸುಂಕ ಹಾಕಲು ಸದಸ್ಯ ರಾಷ್ಟ್ರಗಳು ಒಪ್ಪಿದವು.

ಆಸ್ಟ್ರೇಲಿಯಾ ಇನ್ನೂ ಮೊದಲೇ, 2018ರ ಜುಲೈ 1ರಿಂದ, 1,000 ಆಸ್ಟ್ರೇಲಿಯನ್ ಡಾಲರ್‌ವರೆಗಿನ ವಿದೇಶಿ ಖರೀದಿಗೆ ಶೇ 10ರ ಜಿಎಸ್‌ಟಿ ಹಾಕಿತು. ಅದನ್ನು ವಸೂಲು ಮಾಡುವುದು ಕಸ್ಟಮ್ಸ್ ಅಲ್ಲ, ದೊಡ್ಡ ಮಾರಾಟ ತಾಣಗಳು. ಬ್ರಿಟನ್ 2021ರ ಜನವರಿಯಿಂದ 135 ಪೌಂಡ್ ಒಳಗಿನ ವಸ್ತುಗಳಿಗೆ ಇದೇ ಕ್ರಮ ತಂದಿತು. ತೆರಿಗೆ ತಪ್ಪಲಿಲ್ಲ. ಆದರೆ ಸಿಡ್ನಿ ಅಥವಾ ಲಂಡನ್ನಿನ ಗ್ರಾಹಕ ಪರದೆಯ ಮೇಲೆ ಕಂಡ ಮೊತ್ತವನ್ನೇ ಕೊಟ್ಟ.

ಭಾರತದ ಗ್ರಾಹಕರ ಲೆಕ್ಕ

ವಿದೇಶಿ ತಾಣದಿಂದ ಖರೀದಿಸುವ ಭಾರತೀಯರಿಗೆ ಇಂಥ ಮಿತಿಯ ಸೌಲಭ್ಯ ಇಲ್ಲವೇ ಇಲ್ಲ. ಇದ್ದದ್ದು ಉಡುಗೊರೆಗೆ. 5,000 ರೂಪಾಯಿವರೆಗಿನ ಉಡುಗೊರೆ ಪಾರ್ಸೆಲ್‌ಗಳು ಸುಂಕವಿಲ್ಲದೆ ಬರುತ್ತಿದ್ದವು. ಚೀನಾದ ಆನ್‌ಲೈನ್ ವ್ಯಾಪಾರ ಅದೇ ಕಿಂಡಿಯಲ್ಲಿ ನುಗ್ಗಿತು. ಸಾವಿರಾರು ಖರೀದಿಗಳು ಉಡುಗೊರೆಯ ಚೀಟಿ ಅಂಟಿಸಿಕೊಂಡು ಬಂದವು. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ 2019ರ ಡಿಸೆಂಬರ್ 12ರಂದು ಅಧಿಸೂಚನೆ ಹೊರಡಿಸಿ, ಅಂಚೆ ಅಥವಾ ಕೊರಿಯರ್ ಮೂಲಕ ಉಡುಗೊರೆಯ ಹೆಸರಿನಲ್ಲಿ ಸುಂಕವಿಲ್ಲದೆ ಸರಕು ತರುವುದನ್ನೇ ನಿಷೇಧಿಸಿತು. ಹೊರತಾಗಿ ಉಳಿದದ್ದು ಎರಡೇ: ಜೀವರಕ್ಷಕ ಔಷಧಿ ಮತ್ತು ರಾಖಿ. ರಾಖಿಯ ಜೊತೆ ಬರುವ ಉಡುಗೊರೆಗೆ ಅವಕಾಶವಿಲ್ಲ ಎಂದೂ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ನ್ಯೂಜೆರ್ಸಿಯ ಅಣ್ಣ ಬೆಂಗಳೂರಿನ ತಂಗಿಗೆ ಪ್ರೀತಿಯಿಂದ ಕಳಿಸುವ ಕೈಚೀಲಕ್ಕೂ ಅಂದಿನಿಂದ ಪೂರ್ತಿ ಸುಂಕ. ವ್ಯಾಪಾರಿಗಳ ಮೋಸಕ್ಕೆ ಕುಟುಂಬಗಳು ದಂಡ ತೆತ್ತ ಪ್ರಸಂಗವಿದು. ಅದೇ ಅಣ್ಣ ವಿಮಾನದಲ್ಲಿ ಬರುವಾಗ ಸೂಟ್‌ಕೇಸಿನಲ್ಲಿ ಆ ಚೀಲ ತಂದರೆ ಸುಂಕವಿಲ್ಲ: 2016ರ ಬ್ಯಾಗೇಜ್ ನಿಯಮದಲ್ಲಿ 50,000 ರೂಪಾಯಿ ಇದ್ದ ಪ್ರಯಾಣಿಕರ ಮಿತಿ 2026ರಲ್ಲಿ 75,000ಕ್ಕೆ ಏರಿದೆ. ಒಂದೇ ವಸ್ತು, ಒಂದೇ ಸಂಬಂಧ. ಬಂದ ದಾರಿ ಬೇರೆಯಾದರೆ ಲೆಕ್ಕವೂ ಬೇರೆ. ವರ್ಷಕ್ಕೊಮ್ಮೆ ಊರಿಗೆ ಬರಲಾಗದ ಕುಟುಂಬಗಳಿಗೆ ಇದು ನ್ಯಾಯವಲ್ಲ.

ಇನ್ನು ಸುಂಕದ ಗಣಿತ. ಸ್ವಂತ ಬಳಕೆಗೆಂದು ಅಂಚೆಯಲ್ಲೋ ವಿಮಾನದಲ್ಲೋ ಬರುವ ವಸ್ತುಗಳಿಗೆ ಕಸ್ಟಮ್ಸ್ ಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆ ಇದೆ. ಬಾಚಣಿಗೆಯೋ ಕ್ಯಾಮೆರಾವೋ, ದರ ಒಂದೇ. ಕೆಲವು ವರ್ಷಗಳ ಕಾಲ ಇಲ್ಲಿ ಮೂಲ ಸುಂಕ ಶೇ 35, ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್, ಇವೆಲ್ಲ ಸೇರಿದ ಮೊತ್ತದ ಮೇಲೆ ಶೇ 28ರ ಐಜಿಎಸ್‌ಟಿ ಇತ್ತು. 5,000 ರೂಪಾಯಿಯ ವಸ್ತು, 1,000 ರೂಪಾಯಿ ವಿಮಾನ ಸಾಗಣೆ ಎಂದಿಟ್ಟುಕೊಂಡರೆ, ವಿಮೆಯ ಸಣ್ಣ ಬಾಬ್ತನ್ನು ಬಿಟ್ಟು, ಲೆಕ್ಕ ಶುರುವಾಗುವುದು 6,000ದಿಂದ. ಮೂಲ ಸುಂಕ 2,100. ಸರ್ಚಾರ್ಜ್ 210. ಈಗ ಮೊತ್ತ 8,310. ಅದರ ಮೇಲೆ ಐಜಿಎಸ್‌ಟಿ 2,326 ರೂಪಾಯಿ 80 ಪೈಸೆ. ಒಟ್ಟು ತೆರಿಗೆ 4,636 ರೂಪಾಯಿ 80 ಪೈಸೆ, ಅಂದರೆ ಶೇ 77.28. ಬಿಡಿಬಿಡಿಯಾಗಿ ಓದಿದವರಿಗೆ 35, 10, 28 ಎಂಬ ಅಂಕಿಗಳು ಕಾಣುತ್ತವೆ. ತೆರಿಗೆಯ ಮೇಲೆ ತೆರಿಗೆ ಕೂತು ಕೊನೆಗೆ ಬರುವ ಅಂಕಿ ಮಾತ್ರ ಎಲ್ಲೂ ಬರೆದಿರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶ, ಭಾರತದಲ್ಲಿ ಸಾಗಣೆ ವೆಚ್ಚಕ್ಕೂ ಸುಂಕವಿದೆ. ಅಮೆರಿಕದಲ್ಲಿ ಸುಂಕ ಹಾಕುವುದು ವಸ್ತುವಿನ ಬೆಲೆಗೆ. ಭಾರತದಲ್ಲಿ ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತಕ್ಕೆ. ವಿಮಾನದಲ್ಲಿ ಬಂದ ಸರಕಿಗೆ ಒಂದು ರಕ್ಷಣೆಯನ್ನು 2007ರ ಮೌಲ್ಯಮಾಪನ ನಿಯಮಗಳು ಕೊಟ್ಟಿವೆ. ಸಾಗಣೆಗೆ ನಿಜವಾಗಿ ಎಷ್ಟೇ ಕೊಟ್ಟಿದ್ದರೂ ಸುಂಕದ ಲೆಕ್ಕಕ್ಕೆ ವಸ್ತುವಿನ ಬೆಲೆಯ ಶೇ 20ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಮೇಲಿನ ಉದಾಹರಣೆಯ ವಸ್ತುವಿಗೆ ಕೊರಿಯರ್ ವೆಚ್ಚ 2,500 ರೂಪಾಯಿ ಆಗಿದ್ದರೂ ಸುಂಕದ ಲೆಕ್ಕಕ್ಕೆ ಸೇರಬೇಕಾದದ್ದು 1,000 ಮಾತ್ರ. ಬಿಲ್ ಬಂದಾಗ ಈ ಒಂದು ಸಾಲನ್ನು ಪರೀಕ್ಷಿಸಿ ನೋಡಿದವರಿಗೆ ನಷ್ಟವಿಲ್ಲ.

ದರಗಳು ಈಗ ಇಳಿಮುಖವಾಗಿವೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ 28ರ ಸ್ತರವನ್ನು ಬಹುತೇಕ ತೆಗೆದುಹಾಕಲಾಯಿತು. 2026ರ ಫೆಬ್ರುವರಿ 1ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, ಸ್ವಂತ ಬಳಕೆಯ ಆಮದಿನ, ಆ ಹೊತ್ತಿಗಾಗಲೇ ಶೇ 35ರಿಂದ ಇಳಿದಿದ್ದ ಮೂಲ ಸುಂಕವನ್ನು ಶೇ 20ರಿಂದ ಶೇ 10ಕ್ಕೆ ಇಳಿಸುವ ಪ್ರಸ್ತಾವ ಮುಂದಿಟ್ಟರು. ಅದೇ 6,000 ರೂಪಾಯಿಯ ಲೆಕ್ಕದಲ್ಲಿ ಶೇ 35ರ ಕಾಲದ 2,100 ರೂಪಾಯಿ ಮೂಲ ಸುಂಕ ಶೇ 10ಕ್ಕೆ ಬಂದಾಗ 600 ಆಗುತ್ತದೆ. ಮೂಲ ಸುಂಕ ಇಳಿದಷ್ಟೂ ಅದರ ಮೇಲೆ ಕೂರುವ ಐಜಿಎಸ್‌ಟಿಯೂ ಇಳಿಯುತ್ತದೆ. ಇದು ಸ್ವಾಗತಿಸಬೇಕಾದ ಹೆಜ್ಜೆ. ವಿದೇಶದ ಸಂಗೀತ ವಾದ್ಯದ ಬಿಡಿಭಾಗ, ಹವ್ಯಾಸಿ ಖಗೋಳ ವೀಕ್ಷಕರ ಲೆನ್ಸು, ಇಲ್ಲಿ ಸಿಗದ ಯಂತ್ರದ ಒಂದು ಬೋಲ್ಟು, ಇಂಥವುಗಳಿಗಾಗಿಯೇ ಹೊರಗಿನ ತಾಣ ಹುಡುಕುವವರು ಅನೇಕರಿದ್ದಾರೆ. ಅವರ ಮೇಲೆ ಐಷಾರಾಮಿ ಕಾರಿಗೆ ಹಾಕುವಂಥ ತೆರಿಗೆ ಹೇರುವುದರಲ್ಲಿ ಅರ್ಥವಿರಲಿಲ್ಲ.

ತೂಕಕ್ಕಲ್ಲ, ಜಾಗಕ್ಕೆ ದುಡ್ಡು

ಸುಂಕ ಸರ್ಕಾರದ್ದಾಯಿತು. ಸಾಗಣೆಯ ದರ ಎಲ್ಲಿಂದ ಬರುತ್ತದೆ? ಖಾಸಗಿ ಕೊರಿಯರ್ ಕಂಪನಿಗಳು ತಕ್ಕಡಿಯನ್ನಷ್ಟೇ ನೋಡುವುದಿಲ್ಲ, ಟೇಪನ್ನೂ ಹಿಡಿಯುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ಅದು ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ವಿಮಾನದ ಹೊಟ್ಟೆಯಲ್ಲಿ ಜಾಗ ಮೊದಲು ತುಂಬುತ್ತದೆ, ತೂಕದ ಮಿತಿ ಆಮೇಲೆ. ಹೀಗಾಗಿ ಈ ಲೆಕ್ಕ.

ಉತ್ತರ ಕರ್ನಾಟಕದ ಒಂದು ಕೌದಿಯನ್ನು ತೆಗೆದುಕೊಳ್ಳಿ. ಹಳೆ ಸೀರೆ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಕೈಯಲ್ಲೇ ಹೊಲಿದ ಹೊದಿಕೆ, ಮೂರು ಕಿಲೋ ತೂಗುತ್ತದೆ ಎಂದುಕೊಳ್ಳೋಣ. ಮಡಚಿ 40, 40, 30 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ ಗುಣಲಬ್ಧ 48,000; ಗಾತ್ರದ ತೂಕ 9.6 ಕಿಲೋ. ಮೂರು ಕಿಲೋ ಕೌದಿಗೆ ಹತ್ತು ಕಿಲೋ ದರ ಬೀಳುತ್ತದೆ. ಅದನ್ನೇ ಗಾಳಿ ತೆಗೆದ ಚೀಲದಲ್ಲಿ ಒತ್ತಿ ಕಟ್ಟಿ 40, 30, 15ರ ಪೆಟ್ಟಿಗೆಗೆ ಇಳಿಸಿದರೆ 3.6 ಕಿಲೋ. ವಸ್ತು ಒಂದೇ, ಕಟ್ಟಿದ ಬಗೆ ಬೇರೆ, ದರದಲ್ಲಿ ಅಜಗಜಾಂತರ. ವಿದೇಶಿ ತಾಣದಿಂದ ದೀಪದ ಬುರುಡೆಯನ್ನೋ ಮೆತ್ತನೆಯ ಗೊಂಬೆಯನ್ನೋ ತರಿಸುವವರಿಗೂ ಇದೇ ಸೂತ್ರ ಅನ್ವಯ. ಹಗುರ ವಸ್ತುವಿಗೆ ಯಾಕಿಷ್ಟು ಎಂಬ ಪ್ರಶ್ನೆಗೆ ಉತ್ತರ ಪೆಟ್ಟಿಗೆಯ ಅಳತೆಯಲ್ಲಿದೆ.

ಇದರ ಮೇಲೆ ಕಣ್ಣಿಗೆ ಬೀಳದ ಬಾಬ್ತುಗಳು ಹಲವು. ಕೊರಿಯರ್ ಕಂಪನಿ ಗ್ರಾಹಕರ ಪರವಾಗಿ ಸುಂಕವನ್ನು ಮುಂಗಡ ಕಟ್ಟುತ್ತದೆ, ಅದಕ್ಕೆ ಸೇವಾ ಶುಲ್ಕ ಹಾಕುತ್ತದೆ. ಈ ಶುಲ್ಕ ಸಾಮಾನ್ಯವಾಗಿ ಸುಂಕದ ಇಂತಿಷ್ಟು ಶೇಕಡಾ ಅಥವಾ ಒಂದು ಕನಿಷ್ಠ ಮೊತ್ತ, ಯಾವುದು ಹೆಚ್ಚೋ ಅದು. ಹಾಗಾಗಿ ಪಾರ್ಸೆಲ್ ಸಣ್ಣದಿದ್ದಷ್ಟೂ ಪೆಟ್ಟು ದೊಡ್ಡದು. ಕೆಲವೊಮ್ಮೆ ಶುಲ್ಕವೇ ಸುಂಕವನ್ನು ಮೀರುತ್ತದೆ. ಗುರುತಿನ ದಾಖಲೆ ಕಳಿಸುವುದು ತಡವಾಗಿ ಪಾರ್ಸೆಲ್ ಗೋದಾಮಿನಲ್ಲಿ ಕೂತರೆ ದಾಸ್ತಾನು ಶುಲ್ಕ ಬೇರೆ. ವಿದೇಶಿ ಕರೆನ್ಸಿಯ ಪಾವತಿಗೆ ಬ್ಯಾಂಕುಗಳು ಕಾರ್ಡಿನ ಮೇಲೆ ಸಾಮಾನ್ಯವಾಗಿ ಶೇ 2ರಿಂದ 3.5ರಷ್ಟು ಹೆಚ್ಚುವರಿ ಹಾಕುತ್ತವೆ, ಅದಕ್ಕೆ ಜಿಎಸ್‌ಟಿಯೂ ಸೇರುತ್ತದೆ.

ಖರೀದಿಯ ಗುಂಡಿ ಒತ್ತುವ ಮೊದಲು

ಮೊದಲು ನೋಡಬೇಕಾದದ್ದು ಮೂರು ಅಕ್ಷರ. ಸಾಗಣೆಯ ವಿವರದಲ್ಲಿ ಡಿಡಿಪಿ ಎಂದಿದ್ದರೆ ಸುಂಕವನ್ನು ಮಾರಾಟಗಾರ ಕಟ್ಟಿ ಕಳಿಸುತ್ತಾನೆ, ಬಾಗಿಲಲ್ಲಿ ಮತ್ತೆ ಕೊಡಬೇಕಾಗಿಲ್ಲ. ಡಿಎಪಿ ಅಥವಾ ಡಿಡಿಯು ಎಂದಿದ್ದರೆ ಸುಂಕ ಗ್ರಾಹಕರ ಹೆಗಲಿಗೆ. ಏನೂ ಬರೆದಿರದಿದ್ದರೆ ಎರಡನೆಯದೇ ಎಂದು ತಿಳಿಯುವುದು ಕ್ಷೇಮ. ಡಿಡಿಪಿ ದರ ಮೇಲ್ನೋಟಕ್ಕೆ ದುಬಾರಿ ಕಂಡರೂ ಸೇವಾ ಶುಲ್ಕ, ದಾಸ್ತಾನು ಶುಲ್ಕಗಳ ತಾಪತ್ರಯ ತಪ್ಪುವುದರಿಂದ ಎಷ್ಟೋ ಸಲ ಅದೇ ಅಗ್ಗವಾಗುತ್ತದೆ.

ಬೆಲೆ ಕಡಿಮೆ ಬರೆದು ಕಳಿಸುತ್ತೇನೆ, ಉಡುಗೊರೆ ಎಂದು ಹಾಕುತ್ತೇನೆ ಎನ್ನುವ ಮಾರಾಟಗಾರರ ಮಾತಿಗೆ ಒಪ್ಪಬಾರದು. ಕಸ್ಟಮ್ಸ್ ಅಧಿಕಾರಿಗೆ ಬೆಲೆ ಅನುಮಾನ ಬಂದರೆ ಮರುಮೌಲ್ಯಮಾಪನ, ದಂಡ, ಜಪ್ತಿ ಯಾವುದೂ ಆಗಬಹುದು. ಭಾರತದಲ್ಲಿ ಉಡುಗೊರೆಯ ಚೀಟಿಯೇ ಈಗ ನಿಷೇಧಕ್ಕೆ ಆಹ್ವಾನ. ಪಾರ್ಸೆಲ್ ದಾರಿಯಲ್ಲಿ ಕಳೆದುಹೋದರೆ ಪರಿಹಾರ ಸಿಗುವುದೂ ಚೀಟಿಯಲ್ಲಿ ಬರೆದ ಬೆಲೆಗೇ.

ವಾಪಸಾತಿಯ ವಿಷಯವನ್ನಂತೂ ಮೊದಲೇ ಯೋಚಿಸಬೇಕು. ದೋಷಪೂರಿತ ವಸ್ತುವನ್ನು ಮರಳಿ ಕಳಿಸಿದರೆ ಸುಂಕ ವಾಪಸು ಪಡೆಯಲು ಕಸ್ಟಮ್ಸ್ ಕಾಯ್ದೆಯ 26ಎ ಕಲಂ ಅವಕಾಶ ಕೊಡುತ್ತದೆ. ಆದರೆ ಅದರ ಗಡುವು, ಕಾಗದಪತ್ರ, ಮರುರಫ್ತಿನ ವೆಚ್ಚ ನೋಡಿದರೆ 3,000 ರೂಪಾಯಿಯ ಶೂಗಾಗಿ ಆ ದಾರಿ ಹಿಡಿಯುವವರು ಸಿಗುವುದು ಕಷ್ಟ. ಅಳತೆ ತಪ್ಪಬಹುದಾದ ಬಟ್ಟೆ, ಪಾದರಕ್ಷೆಗಳನ್ನು ಗಡಿಯಾಚೆಯಿಂದ ತರಿಸುವಾಗ ಈ ನಷ್ಟವನ್ನೂ ಬೆಲೆಗೆ ಸೇರಿಸಿ ನೋಡಬೇಕು.

ಅವಸರವಿಲ್ಲದಿದ್ದರೆ ಅಂಚೆಯನ್ನು ಮರೆಯಬಾರದು. ಅಂಚೆಯ ಪಾರ್ಸೆಲ್ ಮೇಲೂ ಕಸ್ಟಮ್ಸ್ ಸುಂಕ ಬೀಳುತ್ತದೆ, ಆದರೆ ಖಾಸಗಿ ಕಂಪನಿಗಳ ಸೇವಾ ಶುಲ್ಕದ ಹೊರೆ ಅಲ್ಲಿಲ್ಲ. ತೀರಾ ಸಣ್ಣ ವಸ್ತುಗಳಿಗೆ ಇನ್ನೊಂದು ಸಮಾಧಾನವಿದೆ. ಒಟ್ಟು ಸುಂಕ 100 ರೂಪಾಯಿ ಮೀರದಿದ್ದರೆ ಅದನ್ನು ವಸೂಲು ಮಾಡುವಂತಿಲ್ಲ ಎಂದು ಕಸ್ಟಮ್ಸ್ ಕಾಯ್ದೆಯ 25ನೇ ಕಲಂ ಹೇಳುತ್ತದೆ. ವಿದೇಶದಿಂದ ಬರುವ ರಾಖಿ ಸುಂಕವಿಲ್ಲದೆ ತಲುಪುವುದಕ್ಕೆ ಇದೇ ಕಾರಣ. ಹೊರದೇಶಕ್ಕೆ ಕಳಿಸುವವರಿಗಾಗಿ ಅಂಚೆ ಇಲಾಖೆ 2022ರಿಂದ ತೆರೆದಿರುವ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಈಗ ದೇಶದಲ್ಲಿ ಸಾವಿರಕ್ಕೂ ಹೆಚ್ಚಿವೆ. ಸಣ್ಣ ಊರಿನ ಕುಶಲಕರ್ಮಿ ರಫ್ತಿನ ಕಾಗದಪತ್ರಗಳಿಗಾಗಿ ಮಹಾನಗರಕ್ಕೆ ಓಡಬೇಕಾಗಿಲ್ಲ.

ದೇಶದೊಳಗಿನ ಅಂಗಡಿಯವರು ಜಿಎಸ್‌ಟಿ ಕಟ್ಟುವಾಗ ಹೊರಗಿನಿಂದ ಬರುವ ಅದೇ ವಸ್ತು ತೆರಿಗೆಯಿಲ್ಲದೆ ಬರಬೇಕೆಂದು ಯಾವ ಗ್ರಾಹಕರೂ ಹಟ ಹಿಡಿಯಲಾರರು. ಚಿಕ್ಕಪೇಟೆಯ ವ್ಯಾಪಾರಿಗೂ ಶೆನ್‌ಜೆನ್‌ನ ವ್ಯಾಪಾರಿಗೂ ಒಂದೇ ನಿಯಮ ಇರಲಿ ಎಂಬುದು ಸರಿಯಾದ ಮಾತೇ. ಆದರೆ ಅಂಗಡಿಯಲ್ಲಿ ಬೆಲೆ ಕೇಳಿ, ಚೌಕಾಸಿ ಮಾಡಿ, ಬೇಡವೆಂದರೆ ಹೊರನಡೆಯುವ ಸ್ವಾತಂತ್ರ್ಯ ಗ್ರಾಹಕರಿಗಿದೆ. ವಿದೇಶಿ ಪಾರ್ಸೆಲ್ಲಿನಲ್ಲಿ ಬೆಲೆಯ ಒಂದು ದೊಡ್ಡ ಪಾಲು ಗೊತ್ತಾಗುವುದು ಹಣ ಕೊಟ್ಟ ಮೇಲೆ. ತಪ್ಪಿರುವುದು ಇಲ್ಲಿ.

ಇದನ್ನು ಸರಿಪಡಿಸಲು ಹೊಸ ಸಂಶೋಧನೆ ಬೇಕಾಗಿಲ್ಲ. ಆಸ್ಟ್ರೇಲಿಯಾ, ಬ್ರಿಟನ್, ಯುರೋಪಿನಲ್ಲಿ ನಡೆಯುತ್ತಿರುವಂತೆ ಭಾರತಕ್ಕೆ ಮಾರುವ ದೊಡ್ಡ ವಿದೇಶಿ ತಾಣಗಳನ್ನು ನೋಂದಾಯಿಸಿ, ತೆರಿಗೆಯನ್ನು ಖರೀದಿಯ ಪುಟದಲ್ಲೇ ತೋರಿಸಿ ವಸೂಲು ಮಾಡಿಸಬಹುದು. 9804ರ ದರವನ್ನು ಒಂದೇ ಕೂಡಿಸಿದ ಅಂಕಿಯಾಗಿ, ಕನ್ನಡವೂ ಸೇರಿದಂತೆ ಜನರ ಭಾಷೆಗಳಲ್ಲಿ, ಪರೋಕ್ಷ ತೆರಿಗೆ ಮಂಡಳಿ ಪ್ರಕಟಿಸಬಹುದು. ಸೇವಾ ಶುಲ್ಕದ ದರಪಟ್ಟಿಯನ್ನು ಬುಕಿಂಗ್ ಹೊತ್ತಿಗೇ ತೋರಿಸುವಂತೆ ಕೊರಿಯರ್ ಕಂಪನಿಗಳಿಗೆ ಕಟ್ಟಲೆ ಮಾಡಬಹುದು. ನಿಜವಾದ ಕೌಟುಂಬಿಕ ಉಡುಗೊರೆಗಳಿಗೆ, ಕಳಿಸುವವರ ಗುರುತು ಪಡೆದು, ವರ್ಷಕ್ಕೆ ಇಂತಿಷ್ಟು ಎಂಬ ಸಣ್ಣ ವಿನಾಯಿತಿಯನ್ನು ಮರಳಿ ಕೊಡಬಹುದು. ಸುಂಕವನ್ನು ಮುಂಗಡವಾಗಿ ಲೆಕ್ಕ ಹಾಕಿ ತೋರಿಸುವ ವ್ಯವಸ್ಥೆಯನ್ನು ಭಾರತದ ಅಂಚೆ ಇಲಾಖೆ ಏಳು ವಾರಗಳಲ್ಲಿ ಅಮೆರಿಕದ ಸಲುವಾಗಿ ಕಟ್ಟಿ ನಿಲ್ಲಿಸಿತು. ಅದೇ ವ್ಯವಸ್ಥೆಯನ್ನು ದೇಶದೊಳಗೆ ಬರುವ ಪಾರ್ಸೆಲ್‌ಗಳಿಗೂ ತರುವ ಕೆಲಸ ಇನ್ನು ಹಣಕಾಸು ಸಚಿವಾಲಯ ಮತ್ತು ಅಂಚೆ ಇಲಾಖೆಯ ಪಾಲಿನದು.